ಕೆಂಪು ಹಿಡಿಗೆ ಕಟ್ಟಿದ ತಂತಿ

ಮೂಳೆ ಡಾಕ್ಟರ ಬಾಗಿಲ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಮ್ಮ ಕೂತಿದ್ದರು. ತಮ್ಮನ ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು.

"ಮೇವು ಕತ್ತರಿಸೋ ಸೈಲೇಜ್ ಮಷೀನಿಗೆ ಹುಲ್ಲು ಹಾಕೋವಾಗ ನೀನು ತೂಕಡಿಸ್ದೆ ಅಂತಾರಲ್ಲೋ ನಿನ್ ಭಾವ?"

"ಇಲ್ಲಕ್ಕಾ. ಕೈ ಸಿಕ್ಕಿದ ತಕ್ಷಣ ಮಷೀನ್ ನಿಲ್ಸೋ ಕೆಂಪು ಹಿಡಿ ಎಳೆದೆ. ಅದು ಅಲ್ಲಾಡ್ಲೇ ಇಲ್ಲ. ಪದೇ ಪದೇ ಮಷೀನ್ ನಿಲ್ಲುತ್ತೆ ಅಂತ ಭಾವ ಅದನ್ನ ತಂತಿ ಹಾಕಿ ಬಿಗಿದುಬಿಟ್ಟಿದ್ರು."

"ಎರಡು ಬೆರಳು ಕಳ್ಕೊಂಡ ನಿನ್ನನ್ನೇ ಹತ್ತು ದಿನದಿಂದ ಬೈತಿದ್ದೀನಲ್ಲೋ!"

"ನಿಮ್ಮಿಬ್ಬರ ಮಧ್ಯೆ ಜಗಳ ಬೇಡ ಅಂತ ಸುಮ್ನಿದ್ದೆ. ಇವತ್ತು ಭಾವನೇ ಮಷೀನ್ ಹತ್ರ ನಿಂತಿದ್ದಾರೆ. ತಂತಿ ಹಾಗೇ ಇದೆ."

"ಇರ್ಲಿ. ಅವರ ಕೈಗೂ ಬುದ್ಧಿ ಬರ್ಲಿ."

"ಅಕ್ಕಾ!"

ಆಕೆ ಗಂಡನಿಗೆ ಫೋನ್ ಮಾಡಿದಳು.

"ರೀ, ಮೊದ್ಲು ಮಷೀನ್ ಆಫ್ ಮಾಡಿ. ಆಮೇಲೆ ಆ ಕೆಂಪು ಹಿಡಿಯ ತಂತಿ ಬಿಚ್ಚಿ ಮನೆಗೆ ತನ್ನಿ. ಊಟಕ್ಕೆ ನಮ್ಮಪ್ಪ ಅಮ್ಮನ್ನೂ ಕರೀತೀನಿ. ಅದನ್ನ ಯಾಕೆ ಕಟ್ಟಿದ್ರಿ ಅಂತ ಅವರ ಮುಂದೆ ನೀವೇ ಹೇಳ್ಬೇಕು. ಹೇಳೋವರೆಗೂ ನಿಮಗೆ ತಟ್ಟೆ ಹಾಕಲ್ಲ."

ಉತ್ತರಕ್ಕೆ ಕಾಯದೆ ಫೋನ್ ಕಟ್ ಮಾಡಿದಳು. ನರ್ಸ್ ಕರೆದಳು. ಅಕ್ಕ ತಮ್ಮನ ಎಡಗೈ ಹಿಡಿದು ಎಬ್ಬಿಸಿದಳು. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಅದನ್ನು ತೆಗೆಯದೆ ಒಳಗೆ ಹೋದಳು.