ಮೂರು ಗುಂಪು, ಒಂದು ರೊಟ್ಟಿ

ಹೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಕಡಲಾಚೆ ಒಂದಾನೊಂದು ಬಂದರಿನ ಊರು. ಯೇಸುಸ್ವಾಮಿಯ ಮಾತು ಅಲ್ಲಿಗೆ ಬಂದು ಇನ್ನೂ ಹತ್ತು ವರ್ಷ ಆಗಿರಲಿಲ್ಲ. ಗುಡಿ ಇಲ್ಲ, ಗಂಟೆ ಇಲ್ಲ. ವಾರಕ್ಕೊಂದು ಸಂಜೆ ನಂಬಿದೋರೆಲ್ಲ ಸಾಹುಕಾರ ಫಿಲೋನನ ಮನೇಲಿ ಸೇರೋದು, ಒಂದೇ ರೊಟ್ಟಿ ಮುರಿದು ಹಂಚ್ಕೊಂಡು ತಿನ್ನೋದು. ಆ ರೊಟ್ಟಿಗೆ ಮನೆಗೊಂದು ಹಿಡಿ ಹಿಟ್ಟು. ನಾದಿ ಸುಡೋಳು ಇರೇನಿ, ಫಿಲೋನನ ಮನೆಯ ಅಡುಗೆಯವಳು.

ರೊಟ್ಟಿ ಒಂದಾದ್ರೆ ಮನಸ್ಸೂ ಒಂದಿರ್ಬೇಕಲ್ವಾ? ಇರಲಿಲ್ಲ. ಹೊಳೇಲಿ ದೀಕ್ಷಾಸ್ನಾನ ಆದೋರು "ನಾವು ಹೊಳೆಯೋರು" ಅಂದ್ರು. ಬಾವಿ ನೀರಲ್ಲಿ ಆದೋರು "ನಾವು ಬಾವಿಯೋರು" ಅಂದ್ರು. ಕಡಲಲ್ಲಿ ಆದೋರು ಉಪ್ಪುನೀರು ಬೇರೆ ಕುಡಿದಿದ್ರು, ಅವರ ಜಂಬ ಇನ್ನೂ ಜಾಸ್ತಿ. ಮೂರು ಮೂಲೇಲಿ ಮೂರು ಗುಂಪು. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ. ಬಂದರಿನ ಹಮಾಲರೂ ನಂಬಿದೋರೇ, ಅವರು ಕೆಲಸ ಮುಗಿಸಿ ಬರೋದರೊಳಗೆ ರೊಟ್ಟಿ ಖಾಲಿ ಮಾಡಿಬಿಡೋರು.

ಇರೇನಿಯ ತಮ್ಮ ನೀಕೋನನೂ ಹಮಾಲ. ಮೊದಲ ವಾರ ಬಂದ, ಬರೀ ತಟ್ಟೆ. ಎರಡನೇ ವಾರ ಬಂದ, ಬರೀ ತಟ್ಟೆ. ಮೂರನೇ ವಾರ ಬೆಳಿಗ್ಗೆ ಹೇಳಿದ:

"ಅಕ್ಕಾ, ಇವತ್ತೂ ಹಂಗೇ ಆದ್ರೆ ನಾನಿನ್ನು ಈ ಕಡೆ ಬರಲ್ಲ."

ಅವಳಿಗಿದ್ದೋನು ಅವನೊಬ್ಬನೇ. ಮಾತಾಡಿದ್ರೆ ಫಿಲೋನ ಹೊರಗೆ ಹಾಕ್ತಾನೆ, ಸುಮ್ಮನಿದ್ರೆ ತಮ್ಮ ಹೋಗ್ತಾನೆ. ಅಳ್ತಾನೇ ಹಿಟ್ಟು ನಾದಿದಳು.

ಸಂಜೆ ರೊಟ್ಟಿ ತಂದಿಟ್ಳು. ಫಿಲೋನ ಕೈ ಚಾಚಿದ.

"ಇರೇನಿ, ಮುಂದಿನ ವಾರದಿಂದ ನಮ್ಮ ಹೊಳೆಯೋರಿಗೆ ಬೇರೆ ರೊಟ್ಟಿ ಮಾಡು. ನಮ್ಮ ಹಿಟ್ಟು ಕಂಡೋರ ಹಿಟ್ಟಿನ ಜೊತೆ ಬೆರೀಬಾರ್ದು."

"ನಮಗೂ ಬೇರೆ," ಅಂದ್ರು ಬಾವಿಯೋರು.

"ನಮಗೆ ಒಲೇನೂ ಬೇರೆ," ಅಂದ್ರು ಕಡಲೋರು.

"ಯಾವ ಹಿಟ್ಟು ಸ್ವಾಮಿ?" ಅಂದ್ಳು ಇರೇನಿ. "ಬೆರೀಬಾರ್ದು ಅಂತ ಮೂರು ವಾರದಿಂದ ನೀವು ಕೊಟ್ಟೇ ಇಲ್ಲ. ಬಾವಿಯೋರೂ ಕೊಟ್ಟಿಲ್ಲ. ಕಡಲೋರೂ ಕೊಟ್ಟಿಲ್ಲ."

"ಮತ್ತೆ ನಾವು ತಿಂದಿದ್ದು?" ಅಂದ ಫಿಲೋನ.

"ಹಮಾಲರದ್ದು. ಬೆಳಿಗ್ಗೆ ಬಂದರಿಗೆ ಹೋಗೋವಾಗ ಒಂದೊಂದು ಹಿಡಿ ಕೊಟ್ಟು ಹೋಗ್ತಾರೆ."

ಫಿಲೋನನ ಕೈ ತಟ್ಟೆ ಮೇಲೇ ನಿಂತಿತ್ತು. ಮೆಲ್ಲಗೆ ಹಿಂದಕ್ಕೆ ತಗೊಂಡ. ಆಮೇಲೆ ಯಾರೂ ಮುಟ್ಟಲಿಲ್ಲ. ರೊಟ್ಟಿ ಘಮ್ಮಂತಿತ್ತು, ಹೊಟ್ಟೆ ಗುರ್ರ್ ಅಂತಿತ್ತು. ಹೊಳೆಯೋರ ಹೊಟ್ಟೆ, ಬಾವಿಯೋರ ಹೊಟ್ಟೆ, ಕಡಲೋರ ಹೊಟ್ಟೆ. ಕೇಳಿದ್ರೆ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ.

ಹೊತ್ತು ಮುಳುಗಿದ ಮೇಲೆ ಹಮಾಲರು ಬಂದ್ರು. ನೀಕೋನ ತಟ್ಟೆ ನೋಡಿದ. ಇಡೀ ರೊಟ್ಟಿ ಹಾಗೇ ಇತ್ತು.

"ಏನಕ್ಕಾ, ಇವತ್ತು ಬೇಯೋದು ತಡವಾಯ್ತಾ?"

"ಹೂಂ ಕಣೋ," ಅಂದ್ಳು ಇರೇನಿ. "ಮೂರು ವಾರ ಹಿಡೀತು. ಕೂತ್ಕೋ, ನೀನೇ ಮುರಿ."

ಅವರೆಲ್ಲ ಉಣ್ಣೋಕೆ ಕೂತ್ರು, ನನ್ನ ಕಥೆ ಎದ್ದು ಮನೆಗೆ ಹೋಯ್ತು.