ಹಳದಿ ಟೀ ಶರ್ಟಿನ ಅಣ್ಣ

ಪಕ್ಕದ ಕಟ್ಟಡದಲ್ಲಿ ಇರುವೆ ಆಕಳಿಸಿದರೂ ನನಗೆ ನಿದ್ದೆ ಬರುತ್ತದೆ, ಅಂಥ ಕಿವಿ ನನ್ನದು. ಹಾಗಿರುವಾಗ ಯೂನಿವರ್ಸಿಟಿ ಕ್ಯಾಂಟೀನಿನ ಸಾಲಿನಲ್ಲಿ ನನ್ನ ಮುಂದಿದ್ದ ಇಬ್ಬರ ಮಾತು ಕೇಳಿಸದೆ ಇರುತ್ತದೆಯೇ? ಹುಡುಗನ ಹಳದಿ ಟೀ ಶರ್ಟಿನ ಮೇಲೆ ‘ಹೊಸಬರೇ, ನನ್ನನ್ನು ಕೇಳಿ’ ಎಂದು ಬರೆದಿತ್ತು. ಹುಡುಗಿ ಅವನನ್ನೇ ಕೇಳುತ್ತಿದ್ದಳು.

“ಅಣ್ಣಾ, ನೀವು ತೋರಿಸಿದ ಕ್ಲಾಸಲ್ಲಿ ಬೆಳಗ್ಗೆಯಿಂದ ಕೂತಿದ್ದೆ. ಅದು ದನದ ಡಾಕ್ಟರ್ ಆಗೋರ ಕ್ಲಾಸಂತೆ. ನಂದು ಇತಿಹಾಸ!”

“ಹಸುಗೂ ಇತಿಹಾಸ ಇರತ್ತಲ್ಲಮ್ಮ.”

“ತಮಾಷೆ ಬೇಡ. ಇವತ್ತೂ ಯಾರೂ ಪರಿಚಯ ಆಗ್ಲಿಲ್ಲ ಅಂದ್ರೆ ಸಂಜೆ ಬಸ್ಸಿಗೆ ಊರಿಗೆ ಹೋಗ್ಬಿಡ್ತೀನಿ. ನಿಜ ಹೇಳಿ, ನೀವ್ಯಾವ ವರ್ಷ?”

“ಮೊದಲ್ನೇದು. ಟೀ ಶರ್ಟ್ ಪುಕ್ಕಟೆ ಅಂದ್ರು, ಹಾಕ್ಕೊಂಡೆ. ಎಲ್ರೂ ಮಾತಾಡಿಸ್ತಾರೆ, ಬಿಚ್ಚೋಕೆ ಮನಸ್ಸೇ ಬರ್ತಿಲ್ಲ.”

“ಹಾಗಾದ್ರೆ ಅಣ್ಣ ಅಂದಿದ್ದು ವಾಪಸ್ ಕೊಡೋ!”

ಅವಳು ನಕ್ಕ ರಭಸಕ್ಕೆ ಕ್ಯಾಂಟೀನಿನ ಚಾವಣಿ ಹಾರಿಹೋಯಿತು. ಊಟದ ತಟ್ಟೆ ಹಿಡಿದು ಹೊರಟವಳು ನನ್ನ ಕಡೆ ತಿರುಗಿದಳು.

“ಆಗಿಂದ ಕೇಳಿಸ್ಕೊಳ್ತಿದ್ದೀರಲ್ಲ, ನೀವಾದ್ರೂ ಸೀನಿಯರಾ?”

“ಈ ಕಟ್ಟಡಕ್ಕೆ ಮೊದಲ ಗುದ್ದಲಿ ಹಾಕಿದ್ದೇ ನಾನು.”

“ಮೊದ್ಲು ತುಟಿ ಮೇಲಿನ ಸಾರು ಒರೆಸ್ಕೊಳ್ಳಿ. ಊಟ ಆಗಿದೆ, ಮತ್ಯಾಕೆ ಸಾಲಲ್ಲಿದ್ದೀರಾ?”

“ನಾನೂ ಹೊಸಬ,” ಎಂದೆ. “ಯಾರಾದ್ರೂ ಮಾತಾಡಿಸ್ಲಿ ಅಂತ ಇನ್ನೊಂದ್ಸಲ ನಿಂತೆ.”