ಕರೋನಾ ವಂಶದ ಕಾರು

ಐರ್ಲೆಂಡಿನ ಗಾಲ್ವೇಯ ಬಸ್ ನಿಲ್ದಾಣದಲ್ಲಿ ಕನ್ನಡ ಕೇಳಿಸಿದ್ದೇ ತಡ, ನವ್ಯಾಳ ಕಿವಿ ನೆಟ್ಟಗಾಯಿತು. ಮುಂದೆ ನಿಂತಿದ್ದ ದಂಪತಿಯಲ್ಲಿ ಗಂಡನಿಗೆ ಹಳೆಯ ಟೊಯೋಟಾ ಕೊಳ್ಳುವ ಹಂಬಲ, ಹೆಂಡತಿ ಒಪ್ಪಬೇಕಷ್ಟೆ.

"ಒಳ್ಳೇ ವಂಶ ಕಣೇ ವಸು. ಮೊದ್ಲು ಕರೋನಾ ಬಂತು..."

"ಅದು ಎಲ್ರಿಗೂ ಬಂತು."

"ಅಯ್ಯೋ, ಕಾರಿನ ಹೆಸರು! ಆಮೇಲೆ ಕರೀನಾ."

"ನಿಮ್ ಕಣ್ಣು ಯಾವಾಗ್ಲೂ ಅಲ್ಲೇ."

"ನಾನ್ ನೋಡಿರೋದು ಮೊಮ್ಮಗಳು, ಅವೆನ್ಸಿಸ್."

"ಯಾವನ್ ಸಿಸ್ಟರ್ರೀ ಅವಳು?"

"ತಮಾಷೆ ಬಿಡು. ಎಂಜಿನ್ ಗ್ರ್ಯಾಂಡ್ ಆಗೈತೆ. ಒಳಗೆ ಸವೆದುಹೋಗೋ ಬೆಲ್ಟ್ ಅಲ್ಲ, ಬಾಳಿಕೆ ಬರೋ ಚೈನ್ ಹಾಕಿದಾರೆ."

"ಅವಳಿಗೆ ಚೈನು! ನನ್ ಕೊರಳಿಗೆ?"

ಅಷ್ಟರಲ್ಲಿ ಬಸ್ಸು ಬಂತು. ತುಂಬಿದ್ದರಿಂದ ನಿಲ್ಲದೆ ಹೋಯಿತು. ವಸು ನಿಟ್ಟುಸಿರಿಟ್ಟು, ಗಂಡನ ತೋಳು ಹಿಡಿದು ಸಾಲಿನಿಂದ ಹೊರನಡೆದಳು.

"ನಡೀರಿ, ಆ ಸವತೀನ ನೋಡೇಬಿಡೋಣ. ಸ್ಟೀರಿಂಗ್ ಮಾತ್ರ ನಂದು."